ಮಕ್ಕಳ ಮೊದಲ ಕಾರು ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಆಗಬೇಕಾ? ಹಾಗಾದರೆ ಹೀಗೆ ಹುಡುಕಿ

ಲೈಸೆನ್ಸ್ ಕೈಗೆ ಬಂದ ಮಗನೋ ಮಗಳೋ ‘ನಂಗೆ ಫೋರ್ ವೀಲ್ ಡ್ರೈವೇ ಬೇಕು’ ಅಂದಾಗ ಹೆತ್ತವರ ತಲೆಯಲ್ಲಿ ಎರಡು ಲೆಕ್ಕ ಒಟ್ಟಿಗೆ ಓಡುತ್ತವೆ. ಎತ್ತರದ ಗಟ್ಟಿ ಗಾಡಿ, ಮಗು ಸುರಕ್ಷಿತವಾಗಿರುತ್ತದೆ ಅನ್ನುವುದು ಒಂದು. ಜೇಬು ತಡೆಯುತ್ತದಾ ಅನ್ನುವುದು ಇನ್ನೊಂದು. ನನ್ನ ಮಗಳಿಗೆ ಗಾಡಿ ಹುಡುಕುವಾಗ ನಾನೂ ಇದೇ ಲೆಕ್ಕ ಹಿಡಿದು ಹೊರಟೆ. 4 ತಿಂಗಳಲ್ಲಿ 11 ಗಾಡಿಗಳ ಕೆಳಗೆ ತೂರಿ ನೋಡಿದೆ. ಮೊದಲನೇ ಲೆಕ್ಕ ಅರ್ಧ ಮಾತ್ರ ಸರಿ, ಎರಡನೆಯದು ನಾನಂದುಕೊಂಡಿದ್ದಕ್ಕಿಂತ ದೊಡ್ಡದು ಅಂತ ಆಗ ಗೊತ್ತಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಫೋರ್ ವೀಲ್ ಡ್ರೈವ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋದರೆ ಕೆಸರಲ್ಲಿ, ಹಿಮದಲ್ಲಿ, ಮರಳಲ್ಲಿ ಗಾಡಿ ಸಿಕ್ಕಿಕೊಳ್ಳದೆ ಮುಂದೆ ಹೋಗುತ್ತದೆ. ಬ್ರೇಕ್ ಮಾತ್ರ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಜಾರುವ ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಬೇಗ ನಿಲ್ಲುವುದಿಲ್ಲ. ತಿರುವಿನಲ್ಲಿ ಅದನ್ನು ಹಿಡಿದುಕೊಳ್ಳುವುದೂ ಟಯರೇ. ಹೊಸದಾಗಿ ಓಡಿಸುವವರಿಗೆ ಇದು ಗೊತ್ತಿರುವುದಿಲ್ಲ. ಗಾಡಿ ಸಲೀಸಾಗಿ ಹೊರಟಿದ್ದು ನೋಡಿ ರಸ್ತೆ ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

1. ಮೊದಲು ದಾರಿ ನೋಡಿ, ಆಮೇಲೆ ಗಾಡಿ

ಮಗು ಒಂದು ವಾರದಲ್ಲಿ ಎಲ್ಲೆಲ್ಲಿ ಓಡಿಸುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಕಾಲೇಜು, ಕೆಲಸ, ಗೆಳೆಯರ ಮನೆ, ಅಜ್ಜಿ ಮನೆ. ಅದರಲ್ಲಿ ಎಷ್ಟು ಕಿಲೋಮೀಟರ್ ಡಾಂಬರು, ಎಷ್ಟು ಮಣ್ಣುದಾರಿ, ಎಲ್ಲಿ ಕಡಿದಾದ ಏರು, ಎಲ್ಲಿ ಹಿಮ ಬೀಳುತ್ತದೆ ಅಂತ ಗುರುತು ಹಾಕಿ. ಪೂರ್ತಿ ಡಾಂಬರು, ಆಗಾಗ ಮಳೆ ಅಷ್ಟೇ ಅಂತಾದರೆ ಒಳ್ಳೆಯ ಟಯರ್ ಇರುವ ಸಾಮಾನ್ಯ ಕಾರೇ ಸಾಕು. ಹಿಮದ ಊರಾದರೂ ಟಯರಿನ ಮಾತೇ ಮೊದಲು. ಬೇಸಿಗೆ ಟಯರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತಾ ಹಿಡಿತ ಬಿಡುತ್ತದೆ, ಚಳಿಗಾಲದ ಟಯರಿನದು ಮೆತ್ತಗೇ ಉಳಿಯುತ್ತದೆ. ಚಳಿಗಾಲದ ಟಯರ್ ಹಾಕಿದ ಮುಂಚಕ್ರ ಚಾಲನೆಯ ಕಾರು, ಬೇಸಿಗೆ ಟಯರಿನ ಫೋರ್ ವೀಲ್ ಡ್ರೈವ್‌ಗಿಂತ ಹಿಮದಲ್ಲಿ ಬೇಗ ನಿಲ್ಲುತ್ತದೆ.

ಮಣ್ಣಿನ ಏರು, ಕೆಸರು, ಹಿಮ, ಮರಳು ವಾರಕ್ಕೆ ಎರಡು ಸಲವಾದರೂ ದಾರಿಯಲ್ಲಿ ಸಿಗುತ್ತದೆ ಅಂತಾದರೆ ಮುಂದೆ ಓದಿ.

2. ಯಾವ ಬಗೆಯ ಫೋರ್ ವೀಲ್ ಡ್ರೈವ್?

ಮಾರುವವರು ಎಲ್ಲವನ್ನೂ ‘ಫೋರ್ ಬೈ ಫೋರ್’ ಅಂತಲೇ ಕರೆಯುತ್ತಾರೆ. ಒಳಗೆ ಮೂರು ಬೇರೆ ಬೇರೆ ಜಾತಿ ಇವೆ. ಅದನ್ನು ತಿಳಿಯದೆ ಕೊಂಡರೆ ಕೈ ಸುಟ್ಟುಕೊಳ್ಳುವುದು ಖಂಡಿತ.

ಮೊದಲನೆಯದು ಪಾರ್ಟ್ ಟೈಮ್. ಮಾಮೂಲಿಯಾಗಿ ಹಿಂದಿನ ಎರಡು ಚಕ್ರದಲ್ಲಿ ಓಡುತ್ತದೆ. ಬೇಕಾದಾಗ ಲಿವರ್ ಎಳೆದು ಅಥವಾ ಬಟನ್ ಒತ್ತಿ ಮುಂದಿನದನ್ನೂ ಸೇರಿಸಬೇಕು. ಟೂ ಹೈ (ಎರಡು ಚಕ್ರ, ಮಾಮೂಲಿ ಗೇರು), ಫೋರ್ ಹೈ (ನಾಲ್ಕು ಚಕ್ರ, ಮಾಮೂಲಿ ಗೇರು), ಫೋರ್ ಲೋ (ನಾಲ್ಕು ಚಕ್ರ, ನಿಧಾನ ಆದರೆ ಹೆಚ್ಚು ಬಲ, ಇದೇ ಲೋ ರೇಂಜ್) ಅಂತ ಗುರುತು ಇರುತ್ತದೆ. ಸುಜುಕಿ ಜಿಮ್ನಿ, ಬಹಳಷ್ಟು ಹಳೆಯ ಜೀಪುಗಳು, ಪಿಕಪ್‌ಗಳು ಈ ಜಾತಿ. ರಚನೆ ಸರಳ, ಗಟ್ಟಿಮುಟ್ಟು. ಆದರೆ ಇದಕ್ಕೊಂದು ಕಟ್ಟುನಿಟ್ಟಿನ ನಿಯಮ ಇದೆ. ಒಣ ಡಾಂಬರಿನ ಮೇಲೆ ಫೋರ್ ಹೈ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ, ಹಾಗಾಗಿ ಜಾಸ್ತಿ ತಿರುಗಬೇಕು. ಮುಂದಿನ ಮತ್ತು ಹಿಂದಿನ ಶಾಫ್ಟುಗಳನ್ನು ಒಂದಕ್ಕೊಂದು ಬಿಗಿದಿಟ್ಟಾಗ ಆ ವ್ಯತ್ಯಾಸ ಹೋಗುವುದಕ್ಕೆ ಜಾಗವೇ ಇರುವುದಿಲ್ಲ. ಮಣ್ಣಿನಲ್ಲಾದರೆ ಟಯರ್ ಸ್ವಲ್ಪ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ, ಆ ಒತ್ತಡವೆಲ್ಲ ಗೇರು, ಚೈನು, ಜಾಯಿಂಟುಗಳ ಮೇಲೆ ಬೀಳುತ್ತದೆ. ಸ್ಟೇರಿಂಗ್ ಬಿಗಿಯಾಗುತ್ತದೆ, ಗಾಡಿ ಜಗ್ಗಿ ಜಗ್ಗಿ ಹೋಗುತ್ತದೆ. ಹದಿನೆಂಟರ ಹುಡುಗ ಮಳೆ ನಿಂತ ಮೇಲೂ ಟೂ ಹೈಗೆ ಬರುವುದನ್ನು ಮರೆಯುತ್ತಾನಾ ಅನ್ನುವುದನ್ನು ನೀವೇ ಯೋಚಿಸಿ.

ಎರಡನೆಯದು ಫುಲ್ ಟೈಮ್. ನಡುವೆ ಡಿಫರೆನ್ಷಿಯಲ್ ಅನ್ನುವ ಗೇರುಗಳ ಜೋಡಣೆ ಇರುತ್ತದೆ, ಅದು ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಹಾಗಾಗಿ ಎಲ್ಲ ರಸ್ತೆಯಲ್ಲೂ ಸದಾ ನಾಲ್ಕು ಚಕ್ರದಲ್ಲೇ ಓಡಬಹುದು. 1977ರಲ್ಲಿ ಬಂದ ಲಾಡಾ ನಿವಾ ಇದೇ ಬಗೆ. 2005ರಿಂದ ಬಂದ ಸುಜುಕಿ ಗ್ರ್ಯಾಂಡ್ ವಿಟಾರಾದ ಕೆಲವು ಮಾದರಿಗಳಲ್ಲಿ ಇದರ ಜೊತೆಗೆ ಲೋ ರೇಂಜ್ ಮತ್ತು ಆ ಡಿಫರೆನ್ಷಿಯಲನ್ನು ಬಿಗಿಯುವ ಲಾಕ್ ಕೂಡ ಇದೆ.

ಮೂರನೆಯದು ಆನ್ ಡಿಮ್ಯಾಂಡ್. ಇದನ್ನು ಆಲ್ ವೀಲ್ ಡ್ರೈವ್ ಅಂತಲೂ ಮಾರುತ್ತಾರೆ. ಮಾಮೂಲಿಯಾಗಿ ಮುಂದಿನ ಚಕ್ರವೇ ಎಳೆಯುತ್ತದೆ. ಅದು ಜಾರಿದರೆ ಕ್ಲಚ್ ಪ್ಯಾಕ್ ಅನ್ನುವ, ಒಂದಕ್ಕೊಂದು ಒತ್ತಿ ಹಿಡಿಯುವ ತಟ್ಟೆಗಳ ಜೋಡಣೆ ಹಿಂದಿನ ಚಕ್ರಕ್ಕೆ ಬಲ ಕಳಿಸುತ್ತದೆ. ಹೋಂಡಾ ಸಿಆರ್‌ವಿ, ಟೊಯೋಟಾ ರಾವ್4ನ ಹಲವು ಮಾದರಿಗಳು ಹೀಗೆ. ಲೋ ರೇಂಜ್ ಇರುವುದಿಲ್ಲ. ಬಂಡೆ ಹತ್ತುವುದಕ್ಕೆ, ಆಳದ ಕೆಸರಿಗೆ ಇದು ಆಗದು. ಆದರೆ ಹಿಮ ಬಿದ್ದ ಬೀದಿ, ಒದ್ದೆ ಹುಲ್ಲು, ಮಣ್ಣಿನ ಏರಿಗೆ ಧಾರಾಳವಾಗಿ ಸಾಕು. ಹುಡುಗರು ಏನೂ ಒತ್ತಬೇಕಿಲ್ಲ, ನೆನಪಿಟ್ಟುಕೊಳ್ಳಬೇಕಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮೊದಲ ಕಾರಿಗೆ ಮೂರನೇ ಬಗೆ ನೋಡಿ, ದಾರಿ ನಿಜವಾಗಲೂ ಕೆಟ್ಟದಾಗಿದ್ದರೆ ಎರಡನೇ ಬಗೆ. ಪಾರ್ಟ್ ಟೈಮ್ ಗಾಡಿಯನ್ನು ಮಗುವಿಗೆ ಕೊಡುವುದಾದರೆ ಲಿವರ್ ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಅಂತ ಹೇಳಿಕೊಡುವಷ್ಟು ಸಮಯ ನಿಮಗಿರಬೇಕು.

3. ಹೊಸ ಡ್ರೈವರ್‌ನ ಕಣ್ಣಿನಿಂದ ಪಟ್ಟಿ ಸೋಸಿ

ಇಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲದ ಎತ್ತರದ ಗಾಡಿಯನ್ನು ಹದಿಹರೆಯದವರಿಗೆ ಕೊಡಬೇಡಿ. ಸ್ಟೇರಿಂಗ್ ಯಾವ ಕಡೆ ತಿರುಗಿದೆ, ಗಾಡಿ ನಿಜವಾಗಿ ಯಾವ ಕಡೆ ಹೋಗುತ್ತಿದೆ ಅಂತ ಇದು ಸದಾ ಹೋಲಿಸುತ್ತಿರುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಯಾವುದೋ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುತ್ತದೆ. ನಾಯಿ ಅಡ್ಡ ಬಂತು, ಮಗು ಗಾಬರಿಯಿಂದ ಸ್ಟೇರಿಂಗ್ ಎಳೆಯಿತು, ಮತ್ತೆ ಆ ಕಡೆಗೆ ಎಳೆಯಿತು. ಎತ್ತರದ ಗಾಡಿಗಳು ಉರುಳುವುದು ಇಂಥ ಹೊತ್ತಿನಲ್ಲೇ.

ಯಾಕೆ ಉರುಳುತ್ತವೆ ಅನ್ನುವುದಕ್ಕೆ ಒಂದು ಸರಳ ಲೆಕ್ಕ ಇದೆ. ಎಡ ಬಲ ಚಕ್ರಗಳ ನಡುವಿನ ಅಗಲವನ್ನು, ಗಾಡಿಯ ತೂಕದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟರಿಂದ ಭಾಗಿಸಿ. ಮಾಮೂಲಿ ಕಾರುಗಳಲ್ಲಿ ಈ ಸಂಖ್ಯೆ ಸುಮಾರು 1.3ರಿಂದ 1.5 ಬರುತ್ತದೆ. ಎಸ್‌ಯುವಿಗಳಲ್ಲಿ 1.0ರಿಂದ 1.3ರ ಆಸುಪಾಸು. ಸಂಖ್ಯೆ ಕಡಿಮೆಯಾದಷ್ಟೂ ಉರುಳುವುದು ಸುಲಭ. ಅದಕ್ಕೇ ಸಸ್ಪೆನ್ಷನ್ ಎತ್ತರಿಸಿ, ದೊಡ್ಡ ಟಯರ್ ಹಾಕಿಸಿದ ಗಾಡಿ ಫೋಟೋದಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಮೊದಲ ಕಾರಾಗಿ ಬೇಡ. ಎತ್ತರ ಹೆಚ್ಚಿದಷ್ಟೂ ಆ ಸಂಖ್ಯೆ ಇಳಿಯುತ್ತದೆ. ದೊಡ್ಡ ಟಯರಿನಿಂದ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಬ್ರೇಕಿಗೂ ಭಾರ ಜಾಸ್ತಿ.

ಸ್ಟೆಬಿಲಿಟಿ ಕಂಟ್ರೋಲ್ ಅಮೆರಿಕದಲ್ಲಿ 2012ರ ಮಾದರಿಯಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯವಾಯಿತು, ಯುರೋಪಿನಲ್ಲಿ 2014ರ ನವೆಂಬರಿನಿಂದ. ಅದಕ್ಕೂ ಹಳೆಯ ಗಾಡಿಗಳಲ್ಲಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಒಂದೇ ಮಾದರಿಯ ದುಬಾರಿ ತರಹೆಯಲ್ಲಿದ್ದು ಅಗ್ಗದ್ದರಲ್ಲಿ ಇಲ್ಲದಿರುವುದೂ ಉಂಟು. ಒಬ್ಬೊಬ್ಬ ತಯಾರಕರು ಒಂದೊಂದು ಹೆಸರಿಟ್ಟಿದ್ದಾರೆ. ಇಎಸ್‌ಪಿ ಅನ್ನುವುದು ಸಾಮಾನ್ಯ, ಟೊಯೋಟಾದಲ್ಲಿ ವಿಎಸ್‌ಸಿ, ಹೋಂಡಾದಲ್ಲಿ ವಿಎಸ್‌ಎ, ಸುಬಾರುವಿನಲ್ಲಿ ವಿಡಿಸಿ. ಇಗ್ನಿಷನ್ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರದ ದೀಪ ಹೊತ್ತಿ ಆರುತ್ತದಾ ನೋಡಿ.

ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಹದಿಹರೆಯದವರಿಗೆ ಸರಿಹೊಂದುವ ಬಳಸಿದ ಕಾರುಗಳ ಪಟ್ಟಿಯನ್ನೇ ಹೊರತರುತ್ತದೆ. ಸ್ಟೆಬಿಲಿಟಿ ಕಂಟ್ರೋಲ್ ಇರಲೇಬೇಕು, ಎಂಜಿನ್ ಬಲ ಅತಿಯಾಗಿರಬಾರದು, ಗಾಡಿ ತೀರ ಪುಟ್ಟದಾಗಿರಬಾರದು ಅನ್ನುವುದು ಅವರ ಸಲಹೆಯ ತಿರುಳು. ಕಾರುಗಳನ್ನು ಡಿಕ್ಕಿ ಹೊಡೆಸಿ ನಕ್ಷತ್ರ ಕೊಡುವ ಯುರೋ ಎನ್‌ಕ್ಯಾಪ್, ಆಸ್ಟ್ರೇಲಿಯಾದ ಆನ್‌ಕ್ಯಾಪ್‌ನ ಹಳೆಯ ಪರೀಕ್ಷೆಗಳೂ ನೋಡಲು ಸಿಗುತ್ತವೆ. ನಕ್ಷತ್ರದ ಜೊತೆ ಪರೀಕ್ಷೆ ಮಾಡಿದ ವರ್ಷವನ್ನೂ ನೋಡಿ. ನಿಯಮಗಳು ವರ್ಷ ಕಳೆದಂತೆ ಬಿಗಿಯಾಗಿವೆ, ಹಾಗಾಗಿ ಹಳೆಯ 5 ನಕ್ಷತ್ರವೂ ಹೊಸ 5 ನಕ್ಷತ್ರವೂ ಒಂದೇ ಅಲ್ಲ.

4. ದುಡ್ಡಿನ ಲೆಕ್ಕ ಗಾಡಿಯ ಬೆಲೆಗೆ ಮುಗಿಯುವುದಿಲ್ಲ

ಕೈಯಲ್ಲಿರುವ ಹಣದಲ್ಲಿ ಐದನೇ ಒಂದು ಭಾಗವನ್ನು ಮೊದಲೇ ತೆಗೆದು ಬೇರೆ ಇಡಿ. ಅದು ಗಾಡಿ ಮನೆಗೆ ಬಂದ ಮೇಲಿನ ಟಯರು, ಬ್ಯಾಟರಿ, ಬ್ರೇಕು, ಆಯಿಲಿಗೆ. ಉಳಿದ ಹಣಕ್ಕಷ್ಟೇ ಗಾಡಿ ಹುಡುಕಿ.

ಹೊಸ ಡ್ರೈವರ್‌ಗಳ ವಿಮೆ ಬಹಳ ಕಡೆ ದುಬಾರಿ. ಇಷ್ಟವಾದ ಮೂರು ಮಾದರಿಗಳಿಗೆ ಮಗುವಿನ ಹೆಸರು, ವಯಸ್ಸು ಹೇಳಿ ವಿಮೆಯ ಮೊತ್ತ ಕೇಳಿ, ಆಮೇಲೆ ಗಾಡಿ ನೋಡಲು ಹೋಗಿ. ನಾವು ಹಾಗೆ ಕೇಳಿದ ಮೇಲೆಯೇ ಪಟ್ಟಿಯಲ್ಲಿದ್ದ ಒಂದು ಗಾಡಿಯನ್ನು ಹೊಡೆದುಹಾಕಬೇಕಾಯಿತು.

ಫೋರ್ ವೀಲ್ ಡ್ರೈವ್ ಅಂದರೆ ಸಾಮಾನ್ಯ ಕಾರಿಗಿಂತ ಜಾಸ್ತಿ ಸಾಮಾನು. ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರು ಪೆಟ್ಟಿಗೆ), ಇನ್ನೊಂದು ಡಿಫರೆನ್ಷಿಯಲ್, ಉದ್ದದ ಶಾಫ್ಟು, ಜಾಸ್ತಿ ಜಾಯಿಂಟು, ಜಾಸ್ತಿ ಆಯಿಲು. ತೂಕ ಹೆಚ್ಚು, ಇಂಧನವೂ ಹೆಚ್ಚು. ಟಯರನ್ನು ಒಂದೊಂದಾಗಿ ಬದಲಿಸುವಂತೆಯೂ ಇಲ್ಲ, ಅದರ ಮಾತು ಮುಂದೆ ಬರುತ್ತದೆ.

5. ಕೆಲವು ಹೆಸರುಗಳು

ಇದೇ ಕೊಳ್ಳಿ ಅಂತ ಹೇಳುತ್ತಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಬಹುದು ಅನ್ನುವುದಕ್ಕೆ ಇಷ್ಟು.

ಹೋಂಡಾ ಸಿಆರ್‌ವಿಯ ಮೂರನೇ ತಲೆಮಾರು ಹೊಸಬರಿಗೆ ಒಗ್ಗುವ ಗಾಡಿ. ಅದಕ್ಕೂ ಹಿಂದಿನ ಸಿಆರ್‌ವಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್‌ನ ಆಯಿಲ್ ಹಳತಾದರೆ ಪೂರ್ತಿ ತಿರುಗಿಸುವಾಗ ನರಳುವ ಸದ್ದು ಬರುತ್ತದೆ. ಸರಿಯಾದ ಆಯಿಲ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಟೊಯೋಟಾ ರಾವ್4ನ ಮೂರನೇ ತಲೆಮಾರು ಕೂಡ ಒಳ್ಳೆಯ ಆಯ್ಕೆ. ಅದರ ಫೋರ್ ವೀಲ್ ಲಾಕ್ ಬಟನ್ ನಿಧಾನದ ವೇಗಕ್ಕೆ ಮಾತ್ರ, ಸುಮಾರು 40 ಕಿಲೋಮೀಟರ್ ದಾಟಿದರೆ ತಾನೇ ಬಿಟ್ಟುಕೊಳ್ಳುತ್ತದೆ. ಮರೆಗುಳಿ ಹುಡುಗರಿಗೆ ಇದು ವರವೇ ಸರಿ.

ಸುಬಾರು ಫಾರೆಸ್ಟರ್ ಸದಾ ನಾಲ್ಕು ಚಕ್ರದಲ್ಲಿ ಓಡುತ್ತದೆ, ಎಂಜಿನ್ನಿನ ಸಿಲಿಂಡರ್‌ಗಳು ಅಡ್ಡಡ್ಡ ಮಲಗಿರುವುದರಿಂದ ತೂಕವೂ ಕೆಳಗೆ. ಉರುಳುವ ಲೆಕ್ಕದಲ್ಲಿ ಇದು ಒಳ್ಳೆಯದು. ಆದರೆ ಹಳೆಯ 2.5 ಲೀಟರ್ ಎಂಜಿನ್ನುಗಳಲ್ಲಿ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಭಾಗಗಳ ನಡುವಿನ ಸೀಲ್, ಸೋರುವುದು ಹೆಸರಾದ ತೊಂದರೆ. ಗ್ಯಾಸ್ಕೆಟ್ ಮತ್ತು ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇದ್ದರೆ ಮಾತ್ರ ಮುಂದುವರಿಯಿರಿ.

ಸುಜುಕಿ ಜಿಮ್ನಿ ಹಗುರ, ಸರಳ, ನಿಜವಾದ ಕೆಟ್ಟ ದಾರಿಯಲ್ಲಿ ದೊಡ್ಡ ಗಾಡಿಗಳನ್ನು ನಾಚಿಸುತ್ತದೆ. ಆದರೆ ಚಿಕ್ಕದು, ಕಿರಿದು, ಹೆದ್ದಾರಿಯ ಗಾಳಿಗೆ ಅಲುಗಾಡುತ್ತದೆ. ಮುಂದಿನ ಆಕ್ಸಲ್‌ನ ಕಿಂಗ್‌ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಬೇರಿಂಗ್ ಸವೆದರೆ ಸ್ಟೇರಿಂಗ್ ಜೋರಾಗಿ ಅದುರುತ್ತದೆ. 1984ರಿಂದ 2001ರವರೆಗೆ ಬಂದ ಚೌಕಾಕಾರದ ಜೀಪ್ ಚೆರೋಕಿ, ಲಾಡಾ ನಿವಾ ನನಗೆ ಬಹಳ ಇಷ್ಟ. ಅವುಗಳಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಮಗು ಕೆಲವು ವರ್ಷ ಓಡಿಸಿ ಕೈ ಪಳಗಿದ ಮೇಲೆ ಪ್ರೀತಿಯಿಂದ ಕೊಳ್ಳಲಿ, ಈಗ ಬೇಡ.

6. ಫೋನಿನಲ್ಲೇ ಅರ್ಧ ಕೆಲಸ ಮುಗಿಸಿ

ಎಷ್ಟು ವರ್ಷದಿಂದ ನಿಮ್ಮ ಹತ್ತಿರ ಇದೆ? ಯಾಕೆ ಮಾರುತ್ತಿದ್ದೀರಿ? ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಆಯಿಲ್ ಕೊನೆಗೆ ಯಾವಾಗ ಬದಲಿಸಿದ್ದು? ನಾಲ್ಕೂ ಟಯರ್ ಒಂದೇ ಸಲ ಹಾಕಿಸಿದ್ದಾ? ಕೊನೆಯ ಎರಡು ಪ್ರಶ್ನೆಗೆ ಬರುವ ಉತ್ತರದಲ್ಲೇ ಆ ಮನುಷ್ಯ ಗಾಡಿ ಹೇಗೆ ಸಾಕಿದ್ದಾನೆ ಅಂತ ತಿಳಿಯುತ್ತದೆ. ‘ಅದಕ್ಕೂ ಆಯಿಲ್ ಬದಲಿಸಬೇಕಾ?’ ಅಂತ ನನ್ನನ್ನೇ ಕೇಳಿದವರೂ ಇದ್ದಾರೆ. ಆಮೇಲೆ ಒಂದು ಮಾತು ತಪ್ಪದೆ ಹೇಳಿ: ನಾನು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ತಣ್ಣಗಿರಲಿ.

7. ಗಾಡಿಯ ಮುಂದೆ ನಿಂತಾಗ

ಹಗಲಲ್ಲೇ ಹೋಗಿ, ಒಣ ದಿನ ನೋಡಿ ಹೋಗಿ. ಟಾರ್ಚ್, ಹಳೆಯ ಚಾಪೆ, ಒಂದು ಸ್ಕ್ರೂಡ್ರೈವರ್, ಬಿಳಿ ಬಟ್ಟೆ ಇಟ್ಟುಕೊಳ್ಳಿ. ಮಗುವನ್ನೂ ಕರೆದುಕೊಂಡು ಹೋಗಿ. ಆದರೆ ಅಲ್ಲಿ ನಿಂತು ‘ಇದೇ ಬೇಕು’ ಅನ್ನಬಾರದು ಅಂತ ಮನೆಯಲ್ಲೇ ಮಾತಾಡಿಕೊಳ್ಳಿ.

ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಮೊದಲೇ ಸ್ಟಾರ್ಟ್ ಮಾಡಿರಬಹುದು. ತಣ್ಣಗಿದ್ದರೆ ಆಯಿಲ್ ಕಡ್ಡಿ ಎಳೆದು ಬಟ್ಟೆಗೆ ಒರೆಸಿ. ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ ಅಂತ ಅರ್ಥ. ಈಗ ಸ್ಟಾರ್ಟ್ ಮಾಡಿಸಿ ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಂಪು ಮಾಡುವ ಕೂಲಂಟ್ ಒಳಗೆ ಹೋಗುತ್ತಿದೆ.

ಇಗ್ನಿಷನ್ ಹಾಕಿದ ಕ್ಷಣ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವುದು), ಏರ್‌ಬ್ಯಾಗ್, ಎಂಜಿನ್, ಸ್ಟೆಬಿಲಿಟಿ ದೀಪಗಳೆಲ್ಲ ಹೊತ್ತಬೇಕು, ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತದೇ ಇರುವ ದೀಪ ಆರದೇ ಇರುವ ದೀಪದಷ್ಟೇ ಕೆಟ್ಟದ್ದು. ತೊಂದರೆ ಮುಚ್ಚಿಡಲು ಬಲ್ಬ್ ತೆಗೆದಿರುವವರಿದ್ದಾರೆ.

ಈಗ ಚಾಪೆ ಹಾಸಿ ಕೆಳಗೆ ಮಲಗಿ. ನಿಜವಾದ ಕಥೆ ಅಲ್ಲಿದೆ. ಚಾಸಿಯ ಉದ್ದಕ್ಕೂ, ಮುಖ್ಯವಾಗಿ ಹಿಂದಿನ ಆಕ್ಸಲ್ ಮೇಲೆ ಬಾಗುವ ಜಾಗ, ಸ್ಪ್ರಿಂಗ್ ಕೂರುವ ಜಾಗಗಳಲ್ಲಿ ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ, ತುಕ್ಕು ತಿಂದಿದ್ದು ಮಂಕು ಸದ್ದು ಕೊಡುತ್ತದೆ. ಮೇಲ್ಮೈಯಲ್ಲಿ ಕೆಂಪು ತುಕ್ಕಿದ್ದರೆ ಹೆದರಬೇಕಿಲ್ಲ. ಪದರ ಪದರವಾಗಿ ಏಳುತ್ತಿದ್ದರೆ, ಸ್ಕ್ರೂಡ್ರೈವರ್ ತುದಿ ಒಳಗೆ ಇಳಿದರೆ ಎದ್ದು ಬನ್ನಿ. ಕಡಲ ತೀರದಲ್ಲಿದ್ದ, ಹಿಮ ಕರಗಿಸಲು ಉಪ್ಪು ಚೆಲ್ಲುವ ರಸ್ತೆಯಲ್ಲಿ ಓಡಿದ ಗಾಡಿಗಳಲ್ಲಿ ಇದು ಸಾಮಾನ್ಯ. ಹಳೆಯ ಗಾಡಿಗೆ ಕೆಳಗೆ ಮಾತ್ರ ಹೊಳೆಯುವ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನ ಪಡಿ. ನಾನು ನೋಡಿದ ಆರನೇ ಗಾಡಿ ಹಾಗೇ ಇತ್ತು. ಬಣ್ಣದ ಕೆಳಗೆ ಕೈ ತೂರುವಷ್ಟು ತೂತು, ಅದರ ಮೇಲೆ ಪಟ್ಟಿ ಹಚ್ಚಿ ಬಳಿದಿದ್ದರು. ಮೇಲಿಂದ ನೋಡಿದರೆ 11ರಲ್ಲಿ ಅದೇ ಚೆಂದದ ಗಾಡಿ.

ಚಕ್ರದ ಹಿಂದಿನ ರಬ್ಬರ್ ಬೂಟುಗಳನ್ನು ಬೆರಳಿನಿಂದ ಸವರಿ. ಹರಿದಿದ್ದರೆ ಗ್ರೀಸ್ ಸುತ್ತಲೂ ಎರಚಿರುತ್ತದೆ, ಒಳಗಿನ ಜಾಯಿಂಟ್ ಹೆಚ್ಚು ದಿನ ಬಾಳುವುದಿಲ್ಲ. ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ತಿರುಚಿ, ಮೇಲೆ ಕೆಳಗೆ ಅಲುಗಿಸಿ. ಸ್ವಲ್ಪ ತಿರುಗುವುದು ಸಹಜ, ಲಟಲಟ ಅಂದರೆ ಸವೆದಿದೆ. ಶಾಫ್ಟೇ ಇಲ್ಲದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಹಿಂದಿನ ಡ್ರೈವ್ ಕೆಟ್ಟಾಗ ರಿಪೇರಿ ಮಾಡಿಸದೆ ಬಿಚ್ಚಿಟ್ಟಿರುತ್ತಾರೆ, ಗಾಡಿ ಮುಂಚಕ್ರದಲ್ಲೇ ಓಡುತ್ತಿರುತ್ತದೆ. ಹಾಗಾಗಿ ಎಂಜಿನ್ನಿನಿಂದ ಹಿಂದಿನ ಆಕ್ಸಲ್‌ವರೆಗೆ ಕಣ್ಣಲ್ಲೇ ಹಿಂಬಾಲಿಸಿ.

ನೀರಿನಲ್ಲಿ ಮುಳುಗಿದ ಗಾಡಿಯನ್ನು ಪತ್ತೆ ಮಾಡುವುದೂ ಇಲ್ಲೇ. ಸೀಟಿನ ಹಳಿಗಳಲ್ಲಿ ತುಕ್ಕು, ಕಾರ್ಪೆಟ್ ಕೆಳಗೆ ಒಣ ಕೆಸರು, ಮುಗ್ಗಲು ವಾಸನೆ, ಅದನ್ನು ಮುಚ್ಚಲು ಹಾಕಿದ ಅತಿಯಾದ ಸುಗಂಧ. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ನೋಡಿ, ನೀರಿನ ಗೆರೆ ಅಲ್ಲಿ ಉಳಿದಿರುತ್ತದೆ. ಅವಕಾಶ ಕೊಟ್ಟರೆ ಡಿಫರೆನ್ಷಿಯಲ್‌ನ ಪ್ಲಗ್ ಬಿಚ್ಚಿಸಿ ಆಯಿಲ್ ನೋಡಿ. ಅದೂ ಹಾಲಿನಂತಿದ್ದರೆ ಆಳದ ನೀರು ದಾಟಿಸಿದ್ದಾರೆ.

ಕೊನೆಗೆ ಟಯರ್. ಇದನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ, ಫೋರ್ ವೀಲ್ ಡ್ರೈವ್‌ನಲ್ಲಿ ಬಿಡಬಾರದು. ನಾಲ್ಕೂ ಒಂದೇ ಕಂಪನಿ, ಒಂದೇ ಅಳತೆ, ಒಂದೇ ಸವೆತ ಇರಬೇಕು. ಹೊಸ ಟಯರ್ ಸವೆದ ಟಯರಿಗಿಂತ ಸುತ್ತಳತೆಯಲ್ಲಿ ದೊಡ್ಡದು. ಮುಂದೆ ಹೊಸದು ಹಿಂದೆ ಸವೆದದ್ದು ಇದ್ದರೆ, ನೇರ ರಸ್ತೆಯಲ್ಲೂ ಮುಂದಿನ ಹಿಂದಿನ ಶಾಫ್ಟುಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ನಡುವಿನ ಕ್ಲಚ್ ಅಥವಾ ಡಿಫರೆನ್ಷಿಯಲ್ ಹಗಲೂ ರಾತ್ರಿ ಒದ್ದಾಡಿ ಬಿಸಿಯಾಗಿ ಹಾಳಾಗುತ್ತದೆ. ಸುಬಾರುವಿನಂಥ ಗಾಡಿಗಳಲ್ಲಿ ಟಯರ್‌ಗಳ ನಡುವೆ ಗ್ರಿಪ್ಪಿನ ಆಳದ ವ್ಯತ್ಯಾಸ ಸುಮಾರು 1.6 ಮಿಲಿಮೀಟರ್ ದಾಟಬಾರದು. ಎರಡು ಬಗೆಯ ಟಯರ್ ಕಂಡರೆ ನಾಲ್ಕು ಹೊಸ ಟಯರಿನ ಖರ್ಚು ಲೆಕ್ಕಕ್ಕೆ ಸೇರಿಸಿ, ಎಷ್ಟು ದಿನ ಹಾಗೆ ಓಡಿಸಿದಿರಿ ಅಂತಲೂ ಕೇಳಿ. ಟಯರಿನ ಪಕ್ಕದಲ್ಲಿ 4 ಅಂಕಿ ಇರುತ್ತದೆ. 2319 ಅಂದರೆ 2019ನೇ ವರ್ಷದ 23ನೇ ವಾರ ತಯಾರಾದದ್ದು.

8. ಓಡಿಸಿ ನೋಡುವಾಗ

ಅರ್ಧ ಗಂಟೆಗಿಂತ ಕಡಿಮೆ ಬೇಡ. ರೇಡಿಯೋ ಆರಿಸಿ. ಮೊದಲು ನೀವು ಓಡಿಸಿ.

ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಸುತ್ತಿ. ಟಕ್ ಟಕ್ ಅಂದರೆ ಮುಂದಿನ ಜಾಯಿಂಟ್ ಹೋಗಿದೆ. ಹ್ಯಾಂಡ್‌ಬ್ರೇಕ್ ಹಾಕಿದಂತೆ ಗಾಡಿ ಹಿಡಿದು ನಿಂತರೆ ಮುಂದಿನ ಹಿಂದಿನ ಶಾಫ್ಟುಗಳನ್ನು ಸೇರಿಸುವ ನಡುವಿನ ಕಪ್ಲಿಂಗ್ ಬಿಗಿದುಕೊಂಡಿದೆ. ಆಟೋಮ್ಯಾಟಿಕ್ ಆದರೆ ನಿಂತಲ್ಲೇ ಬ್ರೇಕ್ ಒತ್ತಿ ಡ್ರೈವಿಗೂ ರಿವರ್ಸಿಗೂ ಬದಲಿಸಿ, ಧಡ್ ಅಂತ ಹೊಡೆತ ಬಿದ್ದರೆ ಶಾಫ್ಟಿನ ಜಾಯಿಂಟೋ ಗೇರ್‌ಬಾಕ್ಸೋ ಸವೆದಿದೆ.

ಪಾರ್ಟ್ ಟೈಮ್ ಗಾಡಿಯಾದರೆ ಮಣ್ಣು ಅಥವಾ ಜಲ್ಲಿಯ ಮೇಲೆ ಹೋಗಿ. ಫೋರ್ ಹೈ ಹಾಕಿ, ದೀಪ ಹೊತ್ತುತ್ತದಾ ನೋಡಿ, ಮುಂದೆ ಹಿಂದೆ ಓಡಿಸಿ. ಆಮೇಲೆ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಫೋರ್ ಲೋ ಹಾಕಿ. ಗಾಡಿ ಒಂದನೇ ಗೇರಿನಲ್ಲಿ ತೆವಳುವಷ್ಟು ನಿಧಾನಕ್ಕೆ, ಬಲವಾಗಿ ಹೋಗಬೇಕು. ದೀಪ ಹೊತ್ತಿದ ಮಾತ್ರಕ್ಕೆ ನಂಬಬೇಡಿ. ಜಲ್ಲಿಯ ಮೇಲೆ ಪೂರ್ತಿ ತಿರುಗಿಸಿದಾಗ ಟೂ ಹೈಗೂ ಫೋರ್ ಹೈಗೂ ಸ್ಟೇರಿಂಗಿನಲ್ಲಿ ವ್ಯತ್ಯಾಸ ಕೈಗೆ ತಿಳಿಯಬೇಕು. ತಿಳಿಯದಿದ್ದರೆ ಮುಂದಿನ ಚಕ್ರದ ಹಬ್ ಶಾಫ್ಟಿಗೆ ಸೇರಿಲ್ಲ. ‘ಅದನ್ನು ನಾವು ಬಳಸಿಯೇ ಇಲ್ಲ’ ಅಂತ ಮಾರುವವರು ಹೆಮ್ಮೆಯಿಂದ ಹೇಳುವುದುಂಟು. ವರ್ಷಗಟ್ಟಲೆ ಬಳಸದ ಲಿವರ್ ಜಾಮ್ ಆಗಿರುತ್ತದೆ, ಹಾಗಾಗಿ ಅದು ಒಳ್ಳೆಯ ಸುದ್ದಿಯಲ್ಲ.

ಕಾನೂನು ಬಿಡುವಷ್ಟು ವೇಗದಲ್ಲಿ ನೇರ ರಸ್ತೆಯಲ್ಲಿ ಓಡಿಸಿ. ಉಂಡಾಡಿ ಸ್ಟೇರಿಂಗ್, ಗುಂಯ್ ಅನ್ನುವ ಡಿಫರೆನ್ಷಿಯಲ್ ಗೊತ್ತಾಗುತ್ತದೆ. ಹಿಂದೆ ಯಾರೂ ಇಲ್ಲದಾಗ ಗಟ್ಟಿಯಾಗಿ ಬ್ರೇಕ್ ಹಾಕಿ, ಗಾಡಿ ನೇರ ನಿಲ್ಲಬೇಕು. ಆಮೇಲೆ ಮಗುವನ್ನು ಸೀಟಿನಲ್ಲಿ ಕೂರಿಸಿ. ಪೆಡಲ್ ಸರಿಯಾಗಿ ಸಿಗುತ್ತದಾ, ಬಾನೆಟ್ ಮುಂದಿನ ನೆಲ ಎಷ್ಟು ಕಾಣುತ್ತದೆ, ಹಿಂದೆ ತಿರುಗಿದರೆ ಕಿಟಕಿಯಿಂದ ಏನು ಕಾಣುತ್ತದೆ ಅಂತ ಕೇಳಿ. ಎತ್ತರದ ಗಾಡಿಗಳ ಹಿಂದೆ ಪುಟ್ಟ ಮಕ್ಕಳು ನಿಂತರೂ ಕಾಣುವುದಿಲ್ಲ. ಹಳೆಯ ಗಾಡಿಗೂ ರಿವರ್ಸ್ ಕ್ಯಾಮರಾ ಹಾಕಿಸಬಹುದು, ಹಾಕಿಸಿ.

9. ಮೆಕ್ಯಾನಿಕ್ ಮತ್ತು ಕಾಗದ

ಇಷ್ಟೆಲ್ಲ ದಾಟಿದ ಗಾಡಿಯನ್ನು ನೀವೇ ದುಡ್ಡು ಕೊಟ್ಟು, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ತೋರಿಸಿ. ಲಿಫ್ಟ್ ಮೇಲೆ ಎತ್ತಿ ನೋಡಲಿ. ಸ್ಕ್ಯಾನರ್ ಹಾಕಿದಾಗ ತಪ್ಪಿನ ಕೋಡ್ ಇಲ್ಲ ಅಂತ ಖುಷಿ ಪಡುವ ಮುಂಚೆ, ಗಾಡಿಯ ಕಂಪ್ಯೂಟರ್ ತಾನೇ ನಡೆಸುವ ಪರೀಕ್ಷೆಗಳು ಮುಗಿದಿವೆಯಾ ಅಂತಲೂ ಕೇಳಿ. ಕೋಡ್‌ಗಳನ್ನು ಆಗಷ್ಟೇ ಅಳಿಸಿದ್ದರೆ ಆ ಪರೀಕ್ಷೆಗಳು ‘ಇನ್ನೂ ಸಿದ್ಧವಿಲ್ಲ’ ಅಂತ ತೋರಿಸುತ್ತವೆ.

ಚಾಸಿ ನಂಬರ್ ಗಾಡಿಯ ಮೇಲೂ ಕಾಗದದಲ್ಲೂ ಒಂದೇ ಇದೆಯಾ ಅಂತ ಒಂದೊಂದೇ ಅಕ್ಷರ ತಾಳೆ ನೋಡಿ. ಸಾಮಾನ್ಯವಾಗಿ 17 ಅಕ್ಷರ ಅಂಕಿ ಇರುತ್ತವೆ, ಇಂಗ್ಲಿಷಿನ ಐ, ಓ, ಕ್ಯೂ ಅದರಲ್ಲಿ ಬರುವುದಿಲ್ಲ. ಅದೇ ನಂಬರ್ ಹಿಡಿದು ತಯಾರಕರ ಹತ್ತಿರ ರೀಕಾಲ್ (ದೋಷ ಸರಿಪಡಿಸಲು ಗಾಡಿ ವಾಪಸ್ ಕರೆಸುವುದು) ಬಾಕಿ ಇದೆಯಾ ಕೇಳಿ. ಟಕಾಟಾ ಕಂಪನಿಯ, ಏರ್‌ಬ್ಯಾಗ್ ಉಬ್ಬಿಸುವ ಇನ್‌ಫ್ಲೇಟರ್‌ಗಳ ವಿಷಯ ಮರೆಯಬೇಡಿ. ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಅವು ಸಿಡಿದು ಲೋಹದ ಚೂರು ಎರಚಿ ಜನ ಸತ್ತಿದ್ದಾರೆ. ಹತ್ತಾರು ಕಂಪನಿಗಳ ಕೋಟ್ಯಂತರ ಗಾಡಿಗಳನ್ನು ವಾಪಸ್ ಕರೆಸಿದ್ದರೂ ಬದಲಿಸದೇ ಉಳಿದವು ಈಗಲೂ ಕೈಯಿಂದ ಕೈಗೆ ಹೋಗುತ್ತಿವೆ. ಬದಲಿಸುವ ಕೆಲಸಕ್ಕೆ ತಯಾರಕರು ಹಣ ಕೇಳುವುದಿಲ್ಲ.

10. ಗಾಡಿ ಮನೆಗೆ ಬಂದ ಮೊದಲ ವಾರ

ಎತ್ತಿಟ್ಟ ಹಣ ಈಗ ತೆಗೆಯಿರಿ. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್‌ನ ಆಯಿಲ್ ಬದಲಿಸಿ. ಮ್ಯಾನುಯಲ್‌ನಲ್ಲಿ ಹೇಳಿದ ಆಯಿಲನ್ನೇ ಹಾಕಿಸಿ, ಆನ್ ಡಿಮ್ಯಾಂಡ್ ಗಾಡಿಗಳು ಈ ವಿಷಯದಲ್ಲಿ ಬಹಳ ಸೂಕ್ಷ್ಮ. ಬ್ರೇಕ್ ಫ್ಲೂಯಿಡ್ ಕೂಡ. ಟಯರ್ ಗಾಳಿ ನೋಡುವುದು, ಆಯಿಲ್ ಕಡ್ಡಿ ಎಳೆಯುವುದು, ಚಕ್ರ ಬದಲಿಸುವುದು ಮಗುವಿನ ಕೈಯಲ್ಲೇ ಮಾಡಿಸಿ. ಗೆಳೆಯರನ್ನು ತುಂಬಿಕೊಂಡು ಹೋಗುವುದು, ರಾತ್ರಿ ಓಡಿಸುವುದು ಮೊದಲ ಕೆಲವು ತಿಂಗಳು ಬೇಡ ಅಂತ ಮುಂಚೆಯೇ ಒಪ್ಪಂದ ಮಾಡಿಕೊಳ್ಳಿ. ಜೊತೆಯಲ್ಲಿ ಅದೇ ವಯಸ್ಸಿನವರು ಕೂತಷ್ಟೂ ಹೊಸ ಡ್ರೈವರ್‌ಗಳಿಗೆ ಅಪಘಾತದ ಅಪಾಯ ಹೆಚ್ಚುತ್ತದೆ.

ಒಂದು ಬೆಳಿಗ್ಗೆ ಮಗುವನ್ನು ಯಾರೂ ಇಲ್ಲದ ಅಗಲವಾದ ಜಾಗಕ್ಕೆ ಕರೆದುಕೊಂಡು ಹೋಗಿ. ಒಂದು ಕಡೆ ಡಾಂಬರು, ಇನ್ನೊಂದು ಕಡೆ ಜಲ್ಲಿಯೋ ಒದ್ದೆ ಹುಲ್ಲೋ ಇರಲಿ. ಮೊದಲು ಎರಡೂ ಕಡೆ ನಿಂತಲ್ಲಿಂದ ಹೊರಡಲು ಹೇಳಿ. ನನ್ನ ಮಗಳು ‘ಏನೂ ವ್ಯತ್ಯಾಸವೇ ಇಲ್ಲ’ ಅಂದಳು. ಆಮೇಲೆ ಡಾಂಬರಿನಲ್ಲಿ 30 ಕಿಲೋಮೀಟರ್ ವೇಗಕ್ಕೆ ತಂದು, ಒಂದು ಕಲ್ಲಿನ ಹತ್ತಿರ ಬ್ರೇಕ್ ಪೂರ್ತಿ ಒತ್ತಿಸಿದೆ. ಎಬಿಎಸ್ ಕಾಲಿನ ಕೆಳಗೆ ಗಡಗಡ ಅಂದರೂ ಕಾಲು ತೆಗೆಯಬಾರದು ಅಂತ ಮೊದಲೇ ಹೇಳಿದ್ದೆ. ಕೆಳಗಿಳಿದು ಕಲ್ಲಿನಿಂದ ಗಾಡಿಯವರೆಗೆ ಹೆಜ್ಜೆ ಎಣಿಸಿದಳು. ಅದೇ ವೇಗದಲ್ಲಿ ಒದ್ದೆ ಹುಲ್ಲಿನ ಮೇಲೆ ಮತ್ತೆ ಮಾಡಿಸಿದೆ, ಮತ್ತೆ ಎಣಿಸಿದಳು. ಎರಡನೇ ಸಲ ಡಾಂಬರಿನಲ್ಲಿ ನಿಂತ ಜಾಗ ದಾಟಿಯೂ ಎಣಿಸುತ್ತಾ ಹೋಗಬೇಕಾಯಿತು. ಗಾಡಿ ಹತ್ತಿರ ತಲುಪಿದವಳು ತಿರುಗಿ ಕಲ್ಲಿನ ಕಡೆ ಸ್ವಲ್ಪ ಹೊತ್ತು ನೋಡಿ, ‘ಇನ್ನೊಂದ್ಸಲ ಮಾಡ್ಲಾ?’ ಅಂತ ಕೇಳಿದಳು. ಆ ಬೆಳಿಗ್ಗೆ ಅದನ್ನೇ 8 ಸಲ ಮಾಡಿದೆವು.